ಬಿಸಿಲಿಗೊಂದು ಪ್ಲಗ್ಗು

ಏಪ್ರಿಲ್ ತಿಂಗಳ ಕಲಬುರಗಿ. ಹೊರಗೆ 42 ಡಿಗ್ರಿ. ಒಳಗೆ ಎ.ಸಿ. ಹಾಕಿ ಕೋಣೆಯನ್ನು 24ಕ್ಕೆ ಇಳಿಸಿದ್ದಾರೆ. ಆ ತಂಪು ಕೋಣೆಯ ಮೂಲೆಯಲ್ಲಿ ಒಂದು ಡಬ್ಬ ಗುಂಯ್‌ಗುಡುತ್ತ 45 ಡಿಗ್ರಿ ಬಿಸಿಲು ತಯಾರಿಸುತ್ತಿದೆ. ಡಬ್ಬದೊಳಗೆ ಸಬ್ಬಕ್ಕಿ ಸಂಡಿಗೆ. ಎ.ಸಿ. ಶಾಖವನ್ನು ಆಚೆ ನೂಕುತ್ತದೆ, ಡಬ್ಬ ಮತ್ತೆ ಹುಟ್ಟಿಸುತ್ತದೆ, ಎರಡಕ್ಕೂ ಮೀಟರು ಒಂದೇ. ನಿಜವಾದ ಸೂರ್ಯ ಮಾತ್ರ ಕೆಲಸವಿಲ್ಲದೆ ಹೊರಗೆ ನಿಂತಿದ್ದಾನೆ. ಅವನಿಗೆ ಟೈಮರ್ ಇಲ್ಲ, ಅದೇ ಅವನ ತಪ್ಪು.

ಡಬ್ಬದ ಹೆಸರು ಫುಡ್ ಡಿಹೈಡ್ರೇಟರ್. ಬಿಚ್ಚಿ ನೋಡಿದರೆ ಒಂದು ಹೀಟರು, ಒಂದು ಫ್ಯಾನು, ಶಾಖವನ್ನು ಹದದಲ್ಲಿಡುವ ಥರ್ಮೋಸ್ಟಾಟು, ನಾಲ್ಕಾರು ಜಾಲರಿ ತಟ್ಟೆ. ಕೋಲು ಹಿಡಿದು ಕಾಗೆ ಓಡಿಸುವ ಅಜ್ಜಿ ಸೆಟ್ಟಿನ ಜೊತೆ ಬರುವುದಿಲ್ಲ. ಆಕೆಯ ಬದಲಿಗೆ ಮುಚ್ಚಳ ಕೊಟ್ಟಿದ್ದಾರೆ. ಮುಚ್ಚಳ ಕಾಗೆಯನ್ನೂ ತಡೆಯುತ್ತದೆ, ಮೊಮ್ಮಕ್ಕಳನ್ನೂ ತಡೆಯುತ್ತದೆ. ಮೇಲೆ ಪೊರೆ ಕಟ್ಟಿ ಒಳಗಿನ್ನೂ ಅಂಟಂಟಾಗಿರುವ ಅರೆಒಣಗಿದ ಸಂಡಿಗೆಯನ್ನು ಕದ್ದು ತಿನ್ನದೆ ಬೆಳೆದ ಮಕ್ಕಳು ಮುಂದೆ ಏನಾಗುತ್ತಾರೋ! ಬಹುಶಃ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಕಾರ್ಯದರ್ಶಿಗಳಾಗುತ್ತಾರೆ.

ಕೈಪಿಡಿಯಲ್ಲಿ ಮಾಂಸದ ಜರ್ಕಿಗೆ 70 ಡಿಗ್ರಿ, ಹಣ್ಣಿಗೆ 57, ಸೊಪ್ಪಿಗೆ 35 ಎಂದಿರುತ್ತದೆ. ಸಂಡಿಗೆಯ ಸುದ್ದಿಯೇ ಇಲ್ಲ. ಹಾಗಾಗಿ ನಮ್ಮವರು ಗುಂಡಿಯನ್ನು ಕೊನೆಯವರೆಗೂ ತಿರುಗಿಸುತ್ತಾರೆ. ಹೊರಮೈ ಗಡುಸಾಗಿ ಕೂತು ಒಳಗಿನ ತೇವಕ್ಕೆ ಬಾಗಿಲು ಹಾಕುತ್ತದೆ; ಸ್ವಲ್ಪ ದಿನಕ್ಕೇ ಡಬ್ಬಿಯಲ್ಲಿ ಬೂಷ್ಟು. ಮುಂದಿನ ಸಲ ಸೇಡು ತೀರಿಸಿಕೊಳ್ಳುವವರಂತೆ ರಾತ್ರಿಯೆಲ್ಲ ಒಣಗಿಸುತ್ತಾರೆ. ಬೆಂಗಳೂರಿನ ಅಡುಗೆಮನೆಯೊಂದರಲ್ಲಿ ಆಗ ಕೇಳಿದ ಮಾತು:

“ಅತ್ತೆ, ಹನ್ನೆರಡು ಗಂಟೆ ಇಟ್ಟಿದ್ದೆ, ಒಂಚೂರೂ ಪಸೆ ಇಲ್ಲ ನೋಡಿ.”

“ಅದೇ ಕಣೇ ತೊಂದರೆ. ಎಣ್ಣೆಗೆ ಹಾಕಿದ್ರೆ ತಳ ಹಿಡಿದು ಕೂತ್ಕೊಳ್ಳತ್ತೆ, ಅರಳೋದೇ ಇಲ್ಲ.”

ಅತ್ತೆ ಭೌತಶಾಸ್ತ್ರ ಓದಿಲ್ಲ, ಆದರೆ ಸರಿಯಾಗಿಯೇ ಹೇಳಿದರು. ಸಂಡಿಗೆ ಅರಳುವುದೇ ಒಳಗೆ ಉಳಿದ ಚೂರು ತೇವ ಕಾದ ಎಣ್ಣೆಯಲ್ಲಿ ಆವಿಯಾಗಿ ಉಬ್ಬಿಸುವುದರಿಂದ. ಆ ಚೂರನ್ನೂ ಯಂತ್ರ ಹೀರಿಬಿಟ್ಟರೆ ಉಳಿಯುವುದು ಉಪ್ಪುಖಾರದ ಜಲ್ಲಿ.

ಬಾಳಕದ ಮೆಣಸಿನಕಾಯಿಯದು ಇನ್ನೂ ದೊಡ್ಡ ಫಜೀತಿ. ಸೀಳಿದ ಮೆಣಸಿನಕಾಯಿ ರಾತ್ರಿ ಉಪ್ಪು ಮಜ್ಜಿಗೆಯಲ್ಲಿ ನೆನೆಯಬೇಕು, ಹಗಲು ಬಿಸಿಲಲ್ಲಿ ಬಾಡಬೇಕು, ಸಂಜೆ ಮತ್ತೆ ಮಜ್ಜಿಗೆಗೇ ಬೀಳಬೇಕು. ಪಾತ್ರೆಯ ಮಜ್ಜಿಗೆ ಮುಗಿಯುವವರೆಗೆ ಇದೇ ಓಡಾಟ. ಡಬ್ಬಕ್ಕೆ ಹಗಲೂ ಇಲ್ಲ, ಸಂಜೆಯೂ ಇಲ್ಲ. ಒಂದೇ ಉಸಿರಿಗೆ ಒಣಗಿಸಿ ಪೀಂ ಎನ್ನುತ್ತದೆ. ಹುಳಿ ಒಳಗಿಳಿಯುವ ಮೊದಲೇ ಮೆಣಸಿನಕಾಯಿಗೆ ನಿವೃತ್ತಿ.

ಹಾಗಂತ ಯಂತ್ರವನ್ನೇ ಹಳಿಯುವುದು ನ್ಯಾಯವಲ್ಲ. ಮಲೆನಾಡು, ಕರಾವಳಿಯಲ್ಲಿ ಹಲಸು, ಮಾವು ಕೈಗೆ ಬರುವ ಹೊತ್ತಿಗೆ ಮಳೆಯೂ ಬಾಗಿಲಿಗೆ ಬಂದಿರುತ್ತದೆ. ಚಾಪೆಯ ಮೇಲೆ ದಿನಕ್ಕೊಂದು ಪದರ ಮಾವಿನ ರಸ ಬಳಿದು ಮಾಂಬಳ ಮಾಡುವವರು, ಒಂದು ಕಣ್ಣು ರಸದ ಮೇಲೆ, ಒಂದು ಕಣ್ಣು ಮೋಡದ ಮೇಲೆ ಇಟ್ಟು ಮೇ ತಿಂಗಳು ಕಳೆಯುತ್ತಾರೆ. ಅಲ್ಲಿ ಈ ಡಬ್ಬ ದೇವರು. ಆದರೆ ಅಲ್ಲಿ ಮಳೆಯ ಜೊತೆಗೇ ಕರೆಂಟೂ ಹೋಗುತ್ತದಲ್ಲ! ಹಾಗಾಗಿ ದೇವರು ಕರೆಂಟಿರುವ, ಬಿಸಿಲೂ ಇರುವ ಊರುಗಳಲ್ಲೇ ನೆಲೆಸಿದ್ದಾನೆ.

ಐನೂರು ವಾಟಿನ ಡಬ್ಬ ಹತ್ತು ಗಂಟೆ ಓಡಿದರೆ ಹೆಚ್ಚುಕಡಿಮೆ 5 ಯೂನಿಟ್. ಸರ್ಕಾರದ ಗೃಹಜ್ಯೋತಿ ಯೋಜನೆಯವರು ಹಳೆಯ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿ ಕರೆಂಟು ಉಚಿತ ಕೊಡುವಾಗ ಸಂಡಿಗೆಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ತಿಂಗಳ ಬಳಕೆ 200 ದಾಟಿತೋ, ಪೂರ್ತಿ ಬಿಲ್ಲು ಕಟ್ಟಿ ಹಪ್ಪಳ ಕರಿದುಕೊಳ್ಳಿ.

ಇಷ್ಟಕ್ಕೂ ಜನ ಇದನ್ನು ಕೊಂಡದ್ದೇಕೆ? ಟೆರೇಸಿಗೆ ಬೀಗ ಬಿದ್ದದ್ದರಿಂದ. ಹಳೇ ಪಂಚೆ ಹಾಸಿ ಸಂಡಿಗೆ ಇಟ್ಟರೆ ಕಟ್ಟಡದ ಅಂದ ಕೆಡುತ್ತದಂತೆ, ಫ್ಲ್ಯಾಟಿನ ಬೆಲೆ ಇಳಿಯುತ್ತದಂತೆ. ಈಗ ಅದೇ ಟೆರೇಸಿನಲ್ಲಿ ಸೌರ ಫಲಕಗಳು ಮಲಗಿವೆ. ಬಿದ್ದ ಬಿಸಿಲಿನ ಐದನೇ ಒಂದು ಪಾಲನ್ನು ಅವು ಕರೆಂಟು ಮಾಡುತ್ತವೆ. ಕರೆಂಟು ಎಂಟು ಮಹಡಿ ಇಳಿದು ಡಬ್ಬ ಸೇರಿ ಮತ್ತೆ ಬಿಸಿಲಾಗುತ್ತದೆ. ಇದಕ್ಕೆ ಪರಿಸರ ಕಾಳಜಿ ಎಂದು ಹೆಸರು. ಬೇಸರವಾದ ದಿನ ಇದೇ ಮನೆಯವರು ‘ಸನ್ ಡ್ರೈಡ್’ ಎಂದು ಚೀಟಿ ಅಂಟಿಸಿದ ಸಂಡಿಗೆಯನ್ನು ದುಪ್ಪಟ್ಟು ದುಡ್ಡು ಕೊಟ್ಟು ಆನ್‌ಲೈನಿನಲ್ಲಿ ತರಿಸುತ್ತಾರೆ.

ಇತ್ತೀಚೆಗೆ ಅಸೋಸಿಯೇಷನ್ನಿಗೆ ಹೊಸ ತಲೆನೋವು. ರಾತ್ರಿಯಿಡೀ ಡಬ್ಬಗಳ ಗುಂಯ್‌ಗಾಟಕ್ಕೆ ಕೆಳಮನೆಯವರಿಗೆ ನಿದ್ದೆಯಿಲ್ಲ. ಮೆಣಸಿನಕಾಯಿ ಘಾಟಿಗೆ ಕಾರಿಡಾರಿನಲ್ಲೆಲ್ಲ ಸೀನು. ತುರ್ತು ಸಭೆ ಸೇರಿ, ಚಹಾ ಕುಡಿದು, ಲಿಫ್ಟಿನ ಪಕ್ಕ ನೋಟೀಸು ಹಚ್ಚಿದರು. ಇನ್ನು ಮುಂದೆ ಡಿಹೈಡ್ರೇಟರುಗಳನ್ನು ಬೆಳಗ್ಗೆ 10ರಿಂದ ಸಂಜೆ 4ರವರೆಗೆ ಮಾತ್ರ ಚಾಲೂ ಮಾಡತಕ್ಕದ್ದು. ಗಾಳಿಯಾಡುವ ಸ್ಥಳವೆಂಬ ಕಾರಣಕ್ಕೆ ಟೆರೇಸಿನಲ್ಲಿಯೇ ಇಡತಕ್ಕದ್ದು. ಪ್ಲಗ್ ಪಾಯಿಂಟಿಗೆ ತಿಂಗಳಿಗೆ 500 ರೂಪಾಯಿ ಪ್ರತ್ಯೇಕ.