ಹಾಲಿನ ಬೂತಿನ ಅಮಾತ್ಯರು

ರಾಜ್ಯಭಾರವು ವಿಧಾನಸೌಧದಲ್ಲಿ ನಡೆಯುತ್ತದೆಂದು ನಂಬಿರುವವರು ಬೆಂಗಳೂರಿನ ಹಳೆಯ ಬಡಾವಣೆಯೊಂದರ ಹಾಲಿನ ಬೂತಿನೆದುರು ಬೆಳಗಿನ ಆರೂವರೆಗೆ ನಿಂತು ನೋಡಿದವರಲ್ಲ. ಕೊರಳಿಗೆ ಮಫ್ಲರು ಸುತ್ತಿ, ಕಂಕುಳಲ್ಲಿ ಪತ್ರಿಕೆಯನ್ನಿರುಕಿಕೊಂಡು, ಕೈಚೀಲದೊಳಗಿನ ಹಾಲು ಒಡೆದೀತೆಂಬ ಪರಿವೆಯೂ ಇಲ್ಲದೆ, ಹಿಂದಿನ ದಿನ ಸಚಿವಸಂಪುಟವು ಕೈಗೊಂಡ ನಿರ್ಣಯಗಳಲ್ಲಿ ಕೆಲವನ್ನು ರದ್ದುಪಡಿಸಿ, ಉಳಿದವನ್ನು ಪುನರ್ವಿಮರ್ಶೆಗೆ ಹಿಂದಿರುಗಿಸುವ ಮಹನೀಯರೊಬ್ಬರು ಅಲ್ಲಿ ಇದ್ದೇ ಇರುತ್ತಾರೆ. ಸರ್ಕಾರಗಳು ಬಂದು ಹೋಗುತ್ತವೆ. ಇವರ ಖಾತೆ ಬದಲಾಗುವುದಿಲ್ಲ, ಏಕೆಂದರೆ ಎಲ್ಲ ಖಾತೆಗಳೂ ಇವರವೇ. ನಮ್ಮ ಬೀದಿಯಲ್ಲಿರುವ ಇಂಥವರೊಬ್ಬರಿಗೆ ನಾವು ಗುಟ್ಟಾಗಿ ಅಮಾತ್ಯರೆಂದು ಹೆಸರಿಟ್ಟಿದ್ದೇವೆ. ನಿವೃತ್ತರು, ಸಜ್ಜನರು, ಯಾರ ಮನೆಗೆ ಕಷ್ಟ ಬಂದರೂ ಮೊದಲು ಓಡಿಬರುವವರು. ಓಡಿಬರುವ ಅವಸರದಲ್ಲಿಯೂ ತಮ್ಮ ಅಭಿಪ್ರಾಯವನ್ನು ಮನೆಯಲ್ಲಿ ಮರೆತು ಬಂದವರಲ್ಲ.

2024ರ ಜೂನ್ ತಿಂಗಳಲ್ಲಿ ನಂದಿನಿ ಹಾಲಿನ ಪ್ಯಾಕೆಟ್ಟಿಗೆ 50 ಮಿಲಿಲೀಟರು ಹೆಚ್ಚಿಗೆ ತುಂಬಿಸಿ, ಬೆಲೆಗೆ 2 ರೂಪಾಯಿ ಸೇರಿಸಿ, ಇದು ಬೆಲೆಯೇರಿಕೆಯಲ್ಲ, ಹೆಚ್ಚಿನ ಹಾಲಿಗೆ ಹೆಚ್ಚಿನ ಹಣವೆಂದು ಸಮಜಾಯಿಷಿ ಹೇಳಿದರಷ್ಟೆ. ಅಂದು ಅಮಾತ್ಯರು ನನ್ನನ್ನು ಬೂತಿನ ಬಳಿ ಅಡ್ಡಗಟ್ಟಿ, "ಆ ಐವತ್ತು ಮಿಲಿಯನ್ನು ಕೇಳಿದವರು ಯಾರು ಸ್ವಾಮಿ? ನೀವು ಕೇಳಿದಿರಾ?" ಎಂದರು. ನಾನು ಕೇಳಿರಲಿಲ್ಲ. ಹಾಗೆಂದು ಒಪ್ಪಿಕೊಂಡಲ್ಲಿಗೆ ಪ್ರಕರಣ ಮುಗಿಯಿತೆಂದುಕೊಂಡಿದ್ದರೆ, ಮರುದಿನ ಬೆಳಿಗ್ಗೆ ಮೊಮ್ಮಗನ ಕೆಮ್ಮಿನ ಔಷಧಿಯ ಮುಚ್ಚಳವನ್ನು ಅಳತೆಗೋಲಾಗಿ ಹಿಡಿದು ನಮ್ಮ ಅಡಿಗೆಮನೆಗೇ ಬಂದುಬಿಟ್ಟರು. ಹಿರಿಯರನ್ನು ಬೇಡವೆನ್ನಲಾರದೆ ನನ್ನಾಕೆ ಪಾತ್ರೆ ಮುಂದಿಟ್ಟಳು. ಒಂದು ಮುಚ್ಚಳಕ್ಕೆ 10 ಮಿಲಿಯಾದರೆ ಲೀಟರಿನ ಹೊಸ ಪ್ಯಾಕೆಟ್ಟಿಗೆ ನೂರೈದು ಮುಚ್ಚಳಗಳಾಗಬೇಕೆಂಬುದು ಅವರ ಗಣಿತ. ನಲವತ್ತರ ಹತ್ತಿರ ಬಂದಾಗ ಯಾರೋ ಫೋನು ಮಾಡಿದರು. ಎಣಿಕೆ ಕೈಬಿಟ್ಟುಹೋಗಿ, ಮೊದಲಿನಿಂದ ಆರಂಭವಾಯಿತು. ಒಲೆಯ ಪಕ್ಕದಲ್ಲಿ ಡಿಕಾಕ್ಷನ್ನು ತಣ್ಣಗಾಗುತ್ತಿತ್ತು. ನಾನು ಪ್ರಜಾಪ್ರಭುತ್ವದ ಮಹಿಮೆಯನ್ನು ನೆನೆಯುತ್ತ ನಿಂತಿದ್ದೆ. ಕಡೆಗೆ ಅಮಾತ್ಯರು ಮುಚ್ಚಳವನ್ನು ತೊಳೆದು ಜೇಬಿಗಿಳಿಸುತ್ತ, "ಅಳತೆ ಸರಿಯಾಗಿಯೇ ಇದೆ. ಸಂಶಯಕ್ಕೆ ಎಡೆಯಾಗುವುದೇ ಅಲ್ಲಿ" ಎಂದು ತೀರ್ಪಿತ್ತರು.

2025ರ ಏಪ್ರಿಲ್ ಒಂದರಿಂದ ಆ 50 ಮಿಲಿಯನ್ನು ಹಿಂತೆಗೆದುಕೊಂಡು ಲೀಟರಿಗೆ 4 ರೂಪಾಯಿ ಏರಿಸಿದ ಸುದ್ದಿಯನ್ನೋದಿದಾಗ ನನ್ನ ಎದೆ ನಡುಗಿದ್ದು ಹಣಕ್ಕಾಗಿ ಅಲ್ಲ, ಆ ಮುಚ್ಚಳಕ್ಕಾಗಿ. ಹಾಲು ಕೊಡುವ ರೈತನಿಗೆ ನಾಲ್ಕು ಕಾಸು ಹೆಚ್ಚಿಗೆ ಸಿಕ್ಕೀತಲ್ಲ ಎಂದು ಮೆಲ್ಲಗೆ ನುಡಿದು ನೋಡಿದೆ. "ರೈತನಿಗೆ ಸಿಗಲಿ, ಎಂಟು ರೂಪಾಯಿಯೇ ಏರಿಸಲಿ, ನನ್ನ ಅಡ್ಡಿಯಿಲ್ಲ. ಕೊಡುವಾಗಲೂ ಕೇಳಲಿಲ್ಲ, ಕಿತ್ತುಕೊಳ್ಳುವಾಗಲೂ ಕೇಳಲಿಲ್ಲ. ಒಂದು ಮಾತು ಕೇಳಬೇಕಾಗಿತ್ತು!"

ಇತರ ಖಾತೆಗಳ ವಿಷಯ ಸಂಕ್ಷೇಪವಾಗಿ ಹೇಳಬಹುದು. ಮಹಿಳೆಯರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣವನ್ನು ಕೊಟ್ಟ ಶಕ್ತಿ ಯೋಜನೆಯಿಂದ ಬೊಕ್ಕಸ ಬರಿದಾಗುವುದೆಂದು ಅವರು ಸಿದ್ಧಾಂತ ಮಾಡಿದ್ದಾರೆ. ಅವರ ಪತ್ನಿ ಅದೇ ಬಸ್ಸಿನಲ್ಲಿ ಧರ್ಮಸ್ಥಳಕ್ಕೆ ಹೋಗಿ ತಂದ ಪ್ರಸಾದವನ್ನು ಕಣ್ಣಿಗೊತ್ತಿಕೊಂಡೇ ಈ ಸಿದ್ಧಾಂತವನ್ನು ಮಂಡಿಸುತ್ತಾರೆ. ಮಿತಿಯೊಳಗೆ ಬಳಸುವ ಮನೆಗಳಿಗೆ ಉಚಿತ ವಿದ್ಯುತ್ತು ಕೊಡುವ ಗೃಹಜ್ಯೋತಿಯನ್ನು ಖಂಡಿಸುವ ಬಾಯಿಂದಲೇ, ಮಿತಿ ಮೀರಿ ಬಿಲ್ಲು ಬಂದೀತೆಂಬ ಭಯದಿಂದ, ಫ್ಯಾನು ಆರಿಸೆಂದು ಮೊಮ್ಮಗನನ್ನು ಗದರಿಸುತ್ತಾರೆ. ಇದನ್ನೆಲ್ಲ ನಾನು ತಲೆಯಾಡಿಸುತ್ತ ಕೇಳುವುದರಿಂದ, ಸದನದಲ್ಲಿ ತಮಗೆ ಬಹುಮತವಿದೆಯೆಂದು ಅವರ ಭಾವನೆ.

ಅಮಾತ್ಯರು ಮೊದಲಿನಿಂದಲೂ ಹೀಗಿದ್ದವರಲ್ಲ. ಹಿಂದಿನ ಬೀದಿಯಲ್ಲಿ ಕಾರ್ಪೊರೇಟರ ಮನೆಯಿದ್ದಾಗ ಇವರ ಬೆಳಗಿನ ದರ್ಬಾರು ಅದರ ಜಗಲಿಯಲ್ಲೇ ನಡೆಯುತ್ತಿತ್ತು. ಚರಂಡಿ ಕಟ್ಟಿದ್ದು, ಬೀದಿದೀಪ ಕೆಟ್ಟದ್ದು, ಎಲ್ಲಕ್ಕೂ ಅಲ್ಲಿಯೇ ಬೈಗುಳ; ಆತ ನಿದ್ದೆಗಣ್ಣಿನಲ್ಲಿ "ಆಯ್ತು ರಾಯರೇ, ಆಯ್ತು" ಎನ್ನುವನು; ಓಟಿನ ಭಯದಿಂದಲೋ, ನಿದ್ದೆಯ ಆಸೆಯಿಂದಲೋ, ಸಂಜೆಯೊಳಗೆ ಯಾರನ್ನಾದರೂ ಕಳುಹಿಸುವನು. 2015ರಲ್ಲಿ ಆರಿಸಿಬಂದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಡಳಿತಾಧಿಕಾರಿಗಳು ಬಂದರು, ಚುನಾವಣೆ ಮುಂದೆ ಮುಂದೆ ಹೋಯಿತು. ಜಗಲಿ ಬರಿದಾಯಿತು, ಅಮಾತ್ಯರ ವಾಕ್ಪ್ರವಾಹ ದಿಕ್ಕು ಬದಲಿಸಿ ನನ್ನ ಕಿವಿಗೆ ಹರಿಯತೊಡಗಿತು. 2025ರಲ್ಲಿ ಒಂದು ಪಾಲಿಕೆಯನ್ನು ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮವೆಂದು ಐದು ಮಾಡಿದ ದಿನ ಅವರು ಎಂದಿನ ಆವೇಶವಿಲ್ಲದೆ, "ನಾವೀಗ ಯಾವ ದಿಕ್ಕಿನವರು ಸ್ವಾಮಿ? ಬೈಯಬೇಕಾದರೆ ಯಾರ ಮನೆಯ ಮುಂದೆ ನಿಲ್ಲಬೇಕು?" ಎಂದು ಕೇಳಿದರು. ನನ್ನ ತಲೆ ಅಂದು ಆಡಲಿಲ್ಲ.

ಆದ್ದರಿಂದ ಅಧಿಕಾರಸ್ಥರಲ್ಲಿ ನನ್ನ ವಿಜ್ಞಾಪನೆಯೊಂದುಂಟು. ಪಾಲಿಕೆಗಳು ಐದಾಗಲಿ, ಹತ್ತಾಗಲಿ, ಚುನಾವಣೆಯನ್ನು ಮಾತ್ರ ಕಾಲಕಾಲಕ್ಕೆ ನಡೆಸಿ, ನಮ್ಮ ವಾರ್ಡಿಗೊಬ್ಬ ಸದಸ್ಯನನ್ನು ದಯಪಾಲಿಸಬೇಕು. ಯಾವ ಪಕ್ಷದವನಾದರೂ ಸರಿಯೆ. ಆತನ ಮನೆಗೊಂದು ಜಗಲಿಯಿರಬೇಕು, ಗೇಟು ಬೆಳಿಗ್ಗೆ ಆರೂವರೆಗೆಲ್ಲ ತೆರೆದಿರಬೇಕು.