ಕಾದಂಬರಿಗೆ ಕರೆಂಟು ಬೇಡ

ಆನಂದಪುರದ ಮಳೆಗಾಲದಲ್ಲಿ ವೈಜ್ಞಾನಿಕ ಧಾರಾವಾಹಿ ನೋಡುವವರಿಗೆ ಅನ್ಯಗ್ರಹದವರಿಗಿಂತ ದೊಡ್ಡ ಶತ್ರು ಕರೆಂಟು. ಹಾರುವ ತಟ್ಟೆ ಇನ್ನೇನು ಇಳಿಯಬೇಕು, ದೀಪ ಹೋಯಿತು! “ಎಂತ ಆಯ್ತು ಭಾವ ಕೊನೆಗೆ?” ಎಂದರೆ ಭಾವನಿಗೂ ಗೊತ್ತಿಲ್ಲ. ಪುಸ್ತಕಕ್ಕೆ ಈ ಗೋಳಿಲ್ಲ, ಬುಡ್ಡಿದೀಪ ಸಾಕು.

ಆದರೆ ಧಾರಾವಾಹಿ ಪುಸ್ತಕವಾಗುವಾಗ ಕಥೆಯೇ ವೇಷ ಬದಲಿಸುತ್ತದೆ. ಬಿಬಿಸಿಯ ವೈಜ್ಞಾನಿಕ ಟಿವಿ ಧಾರಾವಾಹಿ ‘ಡಾಕ್ಟರ್ ಹೂ’ ಶುರುವಾದದ್ದು 1963ರಲ್ಲಿ. ಮರುವರ್ಷವೇ ಡೇವಿಡ್ ವಿಟೇಕರ್ ಅದರ ಡಾಲೆಕ್ ಎಂಬ ಲೋಹಕವಚದ ಅನ್ಯಗ್ರಹ ಶತ್ರುಗಳ ಕಥೆಯನ್ನು ಕಾದಂಬರಿ ಮಾಡಿದರು. ಆ ಕಥೆಯ ಇಯಾನ್ ಟಿವಿಯಲ್ಲಿ ಶಾಲಾ ಮೇಷ್ಟ್ರು. ಗುಜರಿ ಅಂಗಳದಲ್ಲಿ ಕಥಾನಾಯಕ ಡಾಕ್ಟರನ ಕೈಗೆ ಸಿಕ್ಕವನು. ಕಾದಂಬರಿಯಲ್ಲಿ ಪಾಪ, ಕೆಲಸದ ಸಂದರ್ಶನದಿಂದ ಬರಿಗೈಲಿ ಮರಳುವಾಗ ಮಂಜಿನ ಬಯಲಲ್ಲಿ ಅವನಿಗೆ ಕಾರು ಅಪಘಾತವೊಂದು ಎದುರಾಗುತ್ತದೆ! ಇಡೀ ಕಥೆ ಅವನದೇ ಬಾಯಲ್ಲಿ. ಜತೆಗೆ ಟಿವಿಯ ಆ ಕಥೆಯಲ್ಲಿ ಕಾಣದ ಗಾಜಿನ ಡಾಲೆಕ್ ಬೇರೆ. ಕಾಗದದ ಮೇಲೆ ಗಾಜಿಗೆ ಖರ್ಚೇನು, ಎರಡು ಹನಿ ಶಾಯಿ.

ಮುಂದೆ ಟೆರೆನ್ಸ್ ಡಿಕ್ಸ್ ಒಬ್ಬರೇ ಅರವತ್ತಕ್ಕೂ ಹೆಚ್ಚು ಕಥೆಗಳನ್ನು ಹೀಗೆ ಪುಸ್ತಕಕ್ಕಿಳಿಸಿದರು. ಅತ್ತ ಬಿಬಿಸಿ 1960ರ ದಶಕದ ಹಲವು ಕಂತುಗಳ ಟೇಪನ್ನೇ ಅಳಿಸಿಬಿಟ್ಟಿತು. ಆ ಕಂತುಗಳ ಕಥೆ ಬೇಕೆಂದವರು ಇವತ್ತಿಗೂ ಕಾದಂಬರಿಯನ್ನು ತೆರೆಯಬಹುದು.