ಯಾವ ಕೊಟ್ರೇಶ?

“ಅಳಿಯ, ಹುಡುಗಿ ಕೊಡೋಕೆ ಮುಂಚೆ ಹುಡುಗನ ಮ್ಯಾಲೆ ಕೇಸ್ ಐತಾ ನೋಡು.”
“ಇ-ಕೋರ್ಟ್ಸ್‌ ವೆಬ್‌ಸೈಟಿನಾಗೆ ಹೆಸರು, ಇಸ್ವಿ ಹಾಕ್ಬೇಕು ಮಾವ. ಹೆಸರು ಕೊಟ್ರೇಶ. ಯಾವ ವರ್ಷ ಬಡಿದಾಡ್ದ ಅಂತ ಬೀಗರನ್ನೇ ಕೇಳ್ರಿ.”

ಕೋರ್ಟಿನ ದಾಖಲೆ ಸಾರ್ವಜನಿಕವೇ. ಆದರೆ ಮೊದಲೇ ಗೊತ್ತಿದ್ದವನಿಗಷ್ಟೇ ಸಿಗುವ ಸಾರ್ವಜನಿಕ. 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ಕೇಸು ಥಟ್ಟನೆ ಬರುತ್ತದೆ, ಆ ಸಂಖ್ಯೆಯೋ ಕೇಸಿನವನ ಜೇಬಿನಲ್ಲಿ. ಹೆಸರು ಹಿಡಿದು ಹುಡುಕೋಣವೆಂದರೆ ಉಜ್ಜಿನಿಯ ಸುತ್ತ ಮನೆಗೊಬ್ಬ ಕೊಟ್ರೇಶ, ಓಣಿಗೊಬ್ಬ ಮರುಳಸಿದ್ದ. ಇಂಗ್ಲಿಷಿನಲ್ಲಿ ಒಂದು ಟಿಯೋ ಎರಡೋ, ಗುಮಾಸ್ತರ ಮರ್ಜಿ. ಜಿಲ್ಲೆಯನ್ನೂ ಹೇಳಬೇಕು. ಹರಪನಹಳ್ಳಿ ಕುಂತಲ್ಲೇ ಕುಂತು 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿತು (ತಾಲ್ಲೂಕಿಗೇ ವಿಳಾಸ ಗಟ್ಟಿಯಿಲ್ಲ, ಆರೋಪಿಯದು ಕೇಳಬೇಕೆ?).

ದಾಖಲೆ ಸುಲಭವಾಗಿ ಸಿಕ್ಕರೆ ಖುಲಾಸೆಯಾದವನ ಮಾನ ಹೋದೀತು ಎಂಬ ಆಕ್ಷೇಪ ತೂಕದ್ದೇ. ಆದರೆ ಅರಳಿಕಟ್ಟೆ ಅವನಿಗೆ ಎಂದೋ ಶಿಕ್ಷೆ ಕೊಟ್ಟಾಗಿದೆ. ಖುಲಾಸೆಯ ತೀರ್ಪು ಕೈಗೆ ಸಿಗದಿದ್ದರೆ ಊರಲ್ಲಿ ಕಟ್ಟೆಯ ತೀರ್ಪೇ ಕೊನೆಯದು. ಬಚ್ಚಿಟ್ಟ ದಾಖಲೆ ನಿರಪರಾಧಿಯನ್ನೇ ಮೊದಲು ಸುಡುತ್ತದೆ.

“ಎಲೆಕ್ಷನ್‌ಗೆ ನಿಂತೋರ ಕೇಸು ಪೇಪರ್‌ನಾಗೆ ಬರ್ತಾವಲ್ಲೋ?”
“ಹೂಂ ಮಾವ, 2018ರಲ್ಲಿ ಸುಪ್ರೀಂ ಕೋರ್ಟೇ ಹೇಳೈತಿ, ಮೂರು ಸಲ ಹಾಕಿಸ್ಬೇಕು.”
“ಹಂಗಾರೆ ಲಗ್ನ ಮುಂದಕ್ಕೆ ಹಾಕು. ಮೊದ್ಲು ಹುಡುಗಗೆ ಟಿಕೆಟ್ ಕೊಡ್ಸೋಣ.”